ಆರ್ಯಭಟನ 1,57,79,17,500: ಒಂದು ದೊಡ್ಡ ಸಂಖ್ಯೆಗೆ ಜಾತಕ ಬರೆಯುವುದು ಹೇಗೆ?

ಒಂದು ಹಾಳೆ ತೆಗೆದುಕೊಂಡು ಈ ಸಂಖ್ಯೆಯನ್ನು ಬರೆದುಕೊಳ್ಳಿ: 1577917500.

ಇದು ಸುಮ್ನೆ ಕೈಗೆ ಸಿಕ್ಕಿದ ಸಂಖ್ಯೆ ಅಲ್ಲ. ಆರ್ಯಭಟನ ಲೆಕ್ಕದಲ್ಲಿ ಒಂದು ಮಹಾಯುಗಕ್ಕೆ, ಅಂದರೆ ನಾಲ್ಕು ಯುಗ ಸೇರಿದ 43,20,000 ವರ್ಷಕ್ಕೆ, ಇಷ್ಟು ದಿನ. ಕಲಿಯುಗದ 3600 ವರ್ಷ ಕಳೆದಾಗ ತನಗೆ 23 ವರ್ಷ ಎಂದು ಅವನೇ ಬರೆದಿದ್ದಾನೆ. ಅಂದರೆ ಅದು ಕ್ರಿ.ಶ. 499. ಒಂದು ಮಹಾಯುಗದಲ್ಲಿ ಸೂರ್ಯನಿಗೆ 43,20,000 ಸುತ್ತು (ವರ್ಷಕ್ಕೆ ಒಂದು), ಭೂಮಿಗೆ 1,58,22,37,500 ಸುತ್ತು ಎನ್ನುವುದು ಅವನ ಲೆಕ್ಕ. ಹೌದು, ಭೂಮಿಯೇ ತನ್ನ ಅಕ್ಷದಲ್ಲಿ ತಿರುಗುತ್ತದೆ ಅಂತ ಆಗಲೇ ಲೆಕ್ಕ ಹಾಕಿದ್ದ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಸೂರ್ಯೋದಯಗಳು ಎಷ್ಟು ಅಂತ ಸಿಗುತ್ತದೆ. ಕಳೆದು ನೋಡಿ, ನೀವು ಬರೆದುಕೊಂಡ ಸಂಖ್ಯೆಯೇ ಬರುತ್ತದೆ.

ಕನ್ನಡ ಓದುವವರಿಗೆ ಇಲ್ಲಿ ಒಂದು ಮಜಾ ಇದೆ. ಆರ್ಯಭಟ ಈ ಸಂಖ್ಯೆಗಳನ್ನು ಅಂಕಿಯಲ್ಲಿ ಬರೆಯಲಿಲ್ಲ, ಅಕ್ಷರದಲ್ಲಿ ಬರೆದ. 43,20,000 ಅವನ ಕೈಯಲ್ಲಿ ‘ಖ್ಯುಘೃ’ ಆಗುತ್ತದೆ. ಕ ಅಂದರೆ 1, ಖ ಅಂದರೆ 2, ಘ ಅಂದರೆ 4, ಯ ಅಂದರೆ 30. ಜೊತೆಗಿರುವ ಸ್ವರ ಸ್ಥಾನ ಹೇಳುತ್ತದೆ: ಉ ಇದ್ದರೆ ಹತ್ತು ಸಾವಿರ, ಋ ಇದ್ದರೆ ಹತ್ತು ಲಕ್ಷ. ಹಾಗಾಗಿ ಖ್ಯು = 32 ಹತ್ತು ಸಾವಿರ, ಘೃ = 4 ಹತ್ತು ಲಕ್ಷ. 3,20,000ಕ್ಕೆ 40,00,000 ಸೇರಿಸಿ. ನಮ್ಮ ಕಾಗುಣಿತ ಗೊತ್ತಿದ್ದವರು ಇದನ್ನು ಐದು ನಿಮಿಷದಲ್ಲಿ ಕಲಿಯಬಹುದು. ನಾಲಿಗೆ ಹೊರಳುವುದು ಬೇರೆ ಮಾತು.

ಈಗ ಕೆಲಸಕ್ಕೆ ಬರೋಣ. ಇಂಥ ಸಂಖ್ಯೆಯನ್ನು ಹಿಡಿದು, ಅದು ಯಾವ ಗುಂಪಿಗೆ ಸೇರುತ್ತದೆ, ಯಾವುದಕ್ಕೆ ಸೇರುವುದಿಲ್ಲ, ಅದರೊಳಗೆ ಏನಿದೆ ಅಂತ ಪೂರ್ತಿ ಪಟ್ಟಿ ಮಾಡುವುದು ಹೇಗೆ? ಬೇಕಾಗುವುದು ಹಾಳೆ, ಪೆನ್ನು, ಒಂದು ಕ್ಯಾಲ್ಕುಲೇಟರ್. ಮೊಬೈಲಿನದ್ದೇ ಸಾಕು. ಕಂಪ್ಯೂಟರಿಗೆ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ, ನಿಜ. ಆದರೆ ದಾರಿಯಲ್ಲಿ ಸಿಗುವ ಒಂದೆರಡು ಒಳ್ಳೆಯ ಸಂಗತಿಗಳು ಕೈತಪ್ಪುತ್ತವೆ. ಮೊದಲ ಸಲವಾದರೂ ಕೈಯಲ್ಲೇ ಮಾಡಿ.

ಮೊದಲು ಅಲ್ಪವಿರಾಮ ಹಾಕಿ, ಗಟ್ಟಿಯಾಗಿ ಓದಿ

ಬಲದಿಂದ ಮೂರು ಅಂಕಿ ಬಿಟ್ಟು ಒಂದು, ಆಮೇಲೆ ಎರಡೆರಡು ಅಂಕಿಗೆ ಒಂದು. 1,57,79,17,500. ಬಾಯಲ್ಲಿ ಹೇಳಿದರೆ ನೂರ ಐವತ್ತೇಳು ಕೋಟಿ ಎಪ್ಪತ್ತೊಂಬತ್ತು ಲಕ್ಷದ ಹದಿನೇಳು ಸಾವಿರದ ಐನೂರು. ಹೊರದೇಶದ ಪುಸ್ತಕದಲ್ಲಿ ಇದೇ ಸಂಖ್ಯೆ 1,577,917,500 ಅಂತ ಕಾಣುತ್ತದೆ. ಎರಡು ಪದ್ಧತಿ ಬೆರೆಸಿದರೆ ಒಂದು ಸೊನ್ನೆ ಹೆಚ್ಚುಕಮ್ಮಿ ಆಗುವುದು ಖಂಡಿತ. ನಾನು ಅನುಭವದಿಂದ ಹೇಳುತ್ತಿದ್ದೇನೆ.

ಕೋಟಿಗಿಂತ ಮೇಲಿನ ಸ್ಥಾನಗಳಿಗೆ ನಮಗೆ ಈಗ ಹೆಸರೇ ನೆನಪಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ನಮ್ಮ ಸಂಖ್ಯೆಗೆ ಹತ್ತೇ ಸ್ಥಾನ ಸಾಕು. ಅವನಿಗೆ ಇದು ಚಿಕ್ಕ ಸಂಖ್ಯೆ ಅನ್ನಿಸಿರಬೇಕು.

ಕಂಪ್ಯೂಟರ್ ಕೆಲಸದವರಿಗೆ ಒಂದು ಮಾತು. ಎರಡರ 30ನೇ ಘಾತ 1,07,37,41,824. 31ನೇ ಘಾತ 2,14,74,83,648. ನಮ್ಮ ಸಂಖ್ಯೆ ಇವೆರಡರ ನಡುವೆ ಬರುವುದರಿಂದ ಅದನ್ನು ಬರೆಯಲು 31 ಬಿಟ್ ಬೇಕು. ಸಾಮಾನ್ಯ 32 ಬಿಟ್ ಪೂರ್ಣಾಂಕದಲ್ಲಿ ಕಷ್ಟಪಟ್ಟು ಕೂರುತ್ತದೆ. ಎರಡು ಮಹಾಯುಗ ಆದರೆ ಕೂರುವುದಿಲ್ಲ.

ಅಂಕಿಗಳನ್ನು ಕೂಡಿ, ಆದರೆ ಅದನ್ನೇ ಜಾಸ್ತಿ ನಂಬಬೇಡಿ

1+5+7+7+9+1+7+5+0+0 = 42. ಮತ್ತೆ ಕೂಡಿದರೆ 6.

ಈ 42ರಿಂದ ಒಂದು ಕೆಲಸಕ್ಕೆ ಬರುವ ಮಾತು ಸಿಗುತ್ತದೆ. ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಹಾಗಾಗಿ ನಮ್ಮ ಸಂಖ್ಯೆಯೂ ಅಷ್ಟೇ. ಅದರೊಳಗೆ 3 ಸರಿಯಾಗಿ ಒಂದೇ ಸಲ ಇದೆ. ಇದನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ.

ಅಂಕಿಗಳ ಮೊತ್ತದಿಂದಲೇ ಸಂಖ್ಯೆ ಭಾಗವಾದರೆ ಅದಕ್ಕೆ ‘ಹರ್ಷದ ಸಂಖ್ಯೆ’ ಅಂತ ಹೆಸರು. ಈ ಹೆಸರಿಟ್ಟವರು ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಮೇಷ್ಟ್ರಾಗಿದ್ದ ಡಿ.ಆರ್. ಕಾಪ್ರೇಕರ್. 1577917500 ಹರ್ಷದವೇ? 42 ಅಂದರೆ 2×3×7. ಇದರಲ್ಲಿ 2 ಇದೆ, 3 ಇದೆ, 7 ಮಾತ್ರ ಇಲ್ಲ ಅಂತ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ. ಒಂದು ಏಳಿನಿಂದ ಹರ್ಷ ತಪ್ಪಿತು. ಈ ಏಳನ್ನು ಮರೆಯಬೇಡಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ತಿರುಗಿಸಿ ಓದಿದರೂ ಒಂದೇ ಆಗಿರುವ ಸಂಖ್ಯೆಗಳನ್ನು ಮಹಾವೀರಾಚಾರ್ಯ ಕೊರಳ ಹಾರಕ್ಕೆ ಹೋಲಿಸಿದ್ದ. ಕೊನೆಯಲ್ಲಿ ಸೊನ್ನೆ ಇರುವ ನಮ್ಮ ಸಂಖ್ಯೆಗೆ ಆ ಭಾಗ್ಯ ಇಲ್ಲ.

ಅಂಕಿಗಳ ಆಟ ಇಷ್ಟಕ್ಕೇ ನಿಲ್ಲಿಸಿ. ಯಾಕೆ ಅಂದರೆ ಅಂಕಿಗಳು ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಬಂದವು. ಎಂಟರ ಪದ್ಧತಿಯಲ್ಲಿ ಬರೆದರೆ ಅಂಕಿಗಳೇ ಬೇರೆ, ಮೊತ್ತವೇ ಬೇರೆ. ಅಂಗಿ ನೋಡಿ ಆಳನ್ನು ಅಳೆದ ಹಾಗೆ ಆಗುತ್ತದೆ. ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗದೆ ಇರುವುದು ಅವಿಭಾಜ್ಯ ಅಪವರ್ತನಗಳು. ನಿಜವಾದ ಕೆಲಸ ಅಲ್ಲಿದೆ.

ಕಣ್ಣಿಗೆ ಕಾಣುವ ಅಪವರ್ತನಗಳನ್ನು ತೆಗೆಯಿರಿ

ಕೊನೆಯ ಅಂಕಿಗಳಿಂದ ಶುರು ಮಾಡಿ. ಕೊನೆಯ ಎರಡು ಅಂಕಿ 00, ಆದ್ದರಿಂದ 4 ಹೋಗುತ್ತದೆ. ಕೊನೆಯ ಮೂರು ಅಂಕಿ 500, ಅದು 8ರಿಂದ ಭಾಗವಾಗುವುದಿಲ್ಲ. ಹಾಗಾದರೆ 2 ಸರಿಯಾಗಿ ಎರಡು ಸಲ.

5ಕ್ಕೂ ಇದೇ ಉಪಾಯ ನಡೆಯುತ್ತದೆ. ಇದನ್ನು ಶಾಲೆಯಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದಿಲ್ಲ. 25ಕ್ಕೆ ಕೊನೆಯ ಎರಡು ಅಂಕಿ ನೋಡಿ, 125ಕ್ಕೆ ಮೂರು, 625ಕ್ಕೆ ನಾಲ್ಕು, 3125ಕ್ಕೆ ಐದು. ನಮ್ಮಲ್ಲಿ ಕೊನೆಯ ನಾಲ್ಕು ಅಂಕಿ 7500. ಅದು 625×12. ಕೊನೆಯ ಐದು 17500, ಅದನ್ನು 3125ರಿಂದ ಭಾಗಿಸಿದರೆ 5.6. ಹೋಗಲಿಲ್ಲ. ಅಂದರೆ 5 ಸರಿಯಾಗಿ ನಾಲ್ಕು ಸಲ.

ಮೂಲೆಯಲ್ಲಿ ಬರೆದಿಟ್ಟ 3 ಒಂದು ಸಲ. ಎಲ್ಲ ಗುಣಿಸಿ: 4×3×625 = 7500. ದೊಡ್ಡ ಸಂಖ್ಯೆಯನ್ನು ಇದರಿಂದ ಭಾಗಿಸಿದರೆ ಉಳಿಯುವುದು 2,10,389.

ನೂರೈವತ್ತು ಕೋಟಿ ಇದ್ದದ್ದು ಎರಡು ಲಕ್ಷಕ್ಕೆ ಇಳಿಯಿತು. ಸುಲಭದ ಕೆಲಸ ಇಲ್ಲಿಗೆ ಮುಗಿಯಿತು.

2,10,389 ಎಂಬ ಗಟ್ಟಿ ಕಾಯಿ

ಇದರ ವರ್ಗಮೂಲ 458ಕ್ಕಿಂತ ಸ್ವಲ್ಪ ಜಾಸ್ತಿ. 458ರ ವರ್ಗ 2,09,764, 459ರದ್ದು 2,10,681. ಈ ಸಂಖ್ಯೆ ಒಡೆಯುವುದೇ ಆದರೆ ಅದರ ಒಂದು ತುಂಡಾದರೂ 458ರ ಒಳಗೆ ಇರಲೇಬೇಕು. ಎರಡೂ ತುಂಡು ಅದಕ್ಕಿಂತ ದೊಡ್ಡದಾದರೆ ಗುಣಲಬ್ಧ ಮೀರಿಹೋಗುತ್ತದೆ ಅಲ್ವಾ? ಹಾಗಾಗಿ 458ರ ಒಳಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. ಅಂಥವು 88 ಇವೆ. ಕೆಟ್ಟ ಪಕ್ಷದಲ್ಲಿ ಅಷ್ಟೂ ಮಾಡಬೇಕು.

7, 11, 13 ಮೂರನ್ನೂ ಒಂದೇ ಏಟಿಗೆ ನೋಡಬಹುದು. 7×11×13 = 1001. ಆದ್ದರಿಂದ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯ ತುಂಡು ಮಾಡಿ, ಒಂದನ್ನು ಕೂಡಿ ಒಂದನ್ನು ಕಳೆಯಿರಿ. 389 − 210 = 179. ಈಗ 179 ಅನ್ನು ನೋಡಿದರಾಯಿತು. 7ಕ್ಕೆ ಶೇಷ 4, 11ಕ್ಕೆ 3, 13ಕ್ಕೆ 10. ಮೂರೂ ಹೋಗುವುದಿಲ್ಲ. (ಹರ್ಷ ತಪ್ಪಿದ್ದು ಇಲ್ಲಿ ಖಾತ್ರಿ ಆಯಿತು.)

ಮುಂದಕ್ಕೆ ಅಡ್ಡದಾರಿ ಇಲ್ಲ, ಒಂದೊಂದಾಗಿ ಭಾಗಿಸಬೇಕು. ಕ್ಯಾಲ್ಕುಲೇಟರಿನಲ್ಲಿ 210389 ÷ 17 ಒತ್ತಿ. ಬಿಂದುವಿನ ಮುಂದೆ ಏನಾದರೂ ಬಂದರೆ ಹೋಗಲಿಲ್ಲ ಅಂತ ಅರ್ಥ. ಶೇಷಗಳನ್ನು ಬರೆದುಕೊಳ್ಳುವ ಅಭ್ಯಾಸ ಒಳ್ಳೆಯದು: 17ಕ್ಕೆ 14, 19ಕ್ಕೆ 2, 23ಕ್ಕೆ 8, 29ಕ್ಕೆ 23, 31ಕ್ಕೂ 23, 37ಕ್ಕೆ 7, 41ಕ್ಕೆ 18, 43ಕ್ಕೆ 33, 47ಕ್ಕೆ 17, 53ಕ್ಕೆ 32, 59ಕ್ಕೆ 54.

ನಾನು ಮೊದಲ ಸಲ ಇದನ್ನು ಮಾಡಿದಾಗ 59ಕ್ಕೆ ಸುಸ್ತಾಗಿ, ಇದು ಅವಿಭಾಜ್ಯವೇ ಇರಬೇಕು ಅಂತ ಪೆನ್ನು ಕೆಳಗಿಟ್ಟಿದ್ದೆ. ಕಾಫಿ ಕುಡಿದು ಬಂದು ಮುಂದಿನದನ್ನು ಒತ್ತಿದೆ.

210389 ÷ 61 = 3449. ಬಿಂದು ಇಲ್ಲ.

ಸರಿಯಾ ಅಂತ ತಾಳೆ ನೋಡಿ. 61ರ ಅಂಕಿಗಳ ಮೊತ್ತ 7. 3449ರದ್ದು 20, ಅಂದರೆ 2. ಏಳೆರಡಲಿ 14, ಅಂದರೆ 5. ಆ ಕಡೆ 210389ರ ಮೊತ್ತ 23, ಅದೂ 5. ಹೊಂದಿತು. ಈ ತಾಳೆ ತಪ್ಪಿದರೆ ಲೆಕ್ಕ ಖಂಡಿತ ತಪ್ಪು. ಹೊಂದಿದರೆ ಮಾತ್ರ ನೂರಕ್ಕೆ ನೂರು ಸರಿ ಅಂತ ಅಲ್ಲ. ಅಕ್ಕಪಕ್ಕದ ಅಂಕಿ ಅದಲುಬದಲಾದರೆ ಅದು ಹಿಡಿಯುವುದಿಲ್ಲ. ಆದ್ದರಿಂದ ಒಮ್ಮೆ ಗುಣಿಸಿಯೂ ನೋಡಿ.

ಈಗ 3449 ಇನ್ನೂ ಒಡೆಯುತ್ತದಾ? ಮತ್ತೆ ಮೊದಲಿನಿಂದ ಭಾಗಿಸಲು ಹೊರಡಬೇಡಿ. ಶೇಷಗಳನ್ನು ಬರೆದುಕೊಂಡ ಶ್ರಮ ಇಲ್ಲಿ ವಾಪಸ್ ಬರುತ್ತದೆ. 61ಕ್ಕಿಂತ ಚಿಕ್ಕ ಯಾವ ಅವಿಭಾಜ್ಯವೂ 210389ಕ್ಕೆ ಹೋಗಲಿಲ್ಲ. 3449 ಅದರದ್ದೇ ತುಂಡು, ಅದಕ್ಕೂ ಹೋಗುವುದಿಲ್ಲ. ಇನ್ನು 61ರ ವರ್ಗ 3721. ಅದು ಆಗಲೇ 3449 ಅನ್ನು ದಾಟಿದೆ. ಹಾಗಾಗಿ ಒಂದೂ ಹೊಸ ಭಾಗಾಕಾರ ಇಲ್ಲದೆ 3449 ಅವಿಭಾಜ್ಯ ಅಂತ ತೀರ್ಮಾನ. 88 ಭಾಗಾಕಾರ ಅಂತ ಹೆದರಿದ್ದೆವು. ಅವಿಭಾಜ್ಯಗಳ ಸಾಲಿನಲ್ಲಿ 18ನೆಯದಕ್ಕೇ ಕೆಲಸ ಮುಗಿಯಿತು.

ಹಾಳೆಯ ನಡುವೆ ದೊಡ್ಡದಾಗಿ ಬರೆಯಿರಿ:

1577917500 = 2² × 3 × 5⁴ × 61 × 3449

ಇನ್ನು ಮುಂದೆ ಆ ಹತ್ತಂಕಿಯನ್ನು ಹೆಚ್ಚು ನೋಡಬೇಕಿಲ್ಲ. ಜಾತಕದ ಕುಂಡಲಿ ಇದೇ.

ಕುಂಡಲಿ ಓದುವುದು

ಕೆಲವು ವರ್ಗೀಕರಣ ನೋಡಿದ ತಕ್ಷಣ ಹೇಳಬಹುದು. ಸಮಸಂಖ್ಯೆ. ಸಂಯುಕ್ತ ಸಂಖ್ಯೆ. ಬೇರೆ ಬೇರೆ ಅವಿಭಾಜ್ಯ ಐದು, ಪುನರಾವರ್ತನೆ ಸೇರಿಸಿದರೆ ಒಂಬತ್ತು. ಪೂರ್ಣ ವರ್ಗ ಅಲ್ಲ, ಯಾಕೆಂದರೆ 3, 61, 3449ರ ಘಾತ ಬೆಸ. ಪೂರ್ಣ ಘನವೂ ಅಲ್ಲ. ಹಾಗಂತ ‘ವರ್ಗಮುಕ್ತ’ವೂ ಅಲ್ಲ, 2² ಮತ್ತು 5⁴ ಒಳಗೆ ಕೂತಿವೆ. ಪ್ರತಿ ಅವಿಭಾಜ್ಯವನ್ನು ಒಂದೊಂದೇ ಸಲ ಗುಣಿಸಿದರೆ 63,11,670 ಬರುತ್ತದೆ. ಇದು ಸಂಖ್ಯೆಯ ತಿರುಳು ಅಂದುಕೊಳ್ಳಿ.

ಒಟ್ಟು ಅಪವರ್ತನ ಎಷ್ಟು? ಇದಕ್ಕೆ ಎಲೆಯ ಮೇಲೆ ಬಡಿಸುವುದನ್ನು ನೆನೆಸಿಕೊಳ್ಳಿ. 2 ಎಂಬ ಪದಾರ್ಥವನ್ನು ಹಾಕಿಸಿಕೊಳ್ಳದೆ ಇರಬಹುದು, ಒಂದು ಸಲ ಹಾಕಿಸಿಕೊಳ್ಳಬಹುದು, ಎರಡು ಸಲ ಹಾಕಿಸಿಕೊಳ್ಳಬಹುದು. ಮೂರು ದಾರಿ. 3ಕ್ಕೆ ಎರಡು ದಾರಿ, 5ಕ್ಕೆ ಐದು, 61ಕ್ಕೆ ಎರಡು, 3449ಕ್ಕೆ ಎರಡು. ಎಲ್ಲ ಗುಣಿಸಿದರೆ 3×2×5×2×2 = 120. ಅಂದರೆ ಈ ಸಂಖ್ಯೆಯನ್ನು ಶೇಷ ಇಲ್ಲದೆ ಭಾಗಿಸುವ ಸಂಖ್ಯೆಗಳು 120. ಒಂದನ್ನೂ ಬರೆಯದೆ ಎಣಿಸಿದೆವು.

ಕೂಡಿದರೆ ಎಷ್ಟು? ಕೊರತೆಯೋ ಸಮೃದ್ಧಿಯೋ?

ಸಂಖ್ಯೆಗಳನ್ನು ಹೀಗೆ ವಿಂಗಡಿಸುವುದು ಬಹಳ ಹಳೆಯ ಪದ್ಧತಿ. ಸುಮಾರು ಕ್ರಿ.ಶ. 100ರ ಗ್ರೀಕ್ ಗಣಿತಜ್ಞ ನಿಕೋಮಾಕಸ್ ಇದನ್ನು ವಿವರಿಸಿದ್ದಾನೆ. ಸಂಖ್ಯೆಯನ್ನು ಬಿಟ್ಟು ಅದರ ಮಿಕ್ಕ ಎಲ್ಲ ಅಪವರ್ತನಗಳನ್ನು ಕೂಡಿ. ಮೊತ್ತ ಸಂಖ್ಯೆಗಿಂತ ಕಡಿಮೆ ಬಂದರೆ ಕೊರತೆಯ ಸಂಖ್ಯೆ, ಸರಿಯಾಗಿ ಅಷ್ಟೇ ಬಂದರೆ ಪರಿಪೂರ್ಣ, ಮೀರಿದರೆ ಸಮೃದ್ಧ. 6 ಪರಿಪೂರ್ಣ, ಯಾಕೆಂದರೆ 1+2+3 = 6. ಆಮೇಲೆ 28, 496, 8128. ಬಹಳ ಅಪರೂಪದವು.

ನಮ್ಮದಕ್ಕೆ 120 ಅಪವರ್ತನ ಬರೆದು ಕೂಡಬೇಕಿಲ್ಲ. ಪ್ರತಿ ಅವಿಭಾಜ್ಯಕ್ಕೆ ಅದರ ಘಾತಗಳನ್ನು ಕೂಡಿ, ಆಮೇಲೆ ಗುಣಿಸಿ. 2ಕ್ಕೆ 1+2+4 = 7. 3ಕ್ಕೆ 1+3 = 4. 5ಕ್ಕೆ 1+5+25+125+625 = 781. 61ಕ್ಕೆ 62. 3449ಕ್ಕೆ 3450. ಎಲ್ಲದರ ಗುಣಲಬ್ಧ 4,67,75,65,200. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 3,09,96,47,700. ಮೂಲ ಸಂಖ್ಯೆಯ ಹತ್ತಿರ ಹತ್ತಿರ ಎರಡರಷ್ಟು. ಸಮೃದ್ಧ ಅಂದರೆ ಸಮೃದ್ಧ!

ನಿಜ ಹೇಳಬೇಕೆಂದರೆ ಗುಂಪು ತಿಳಿಯಲು ಇಷ್ಟು ಗುಣಾಕಾರ ಬೇಕಿರಲಿಲ್ಲ. 6ಕ್ಕಿಂತ ದೊಡ್ಡದಾದ, 6ರಿಂದ ಭಾಗವಾಗುವ ಯಾವ ಸಂಖ್ಯೆಯೂ ಸಮೃದ್ಧವೇ. ಅರ್ಧ, ಮೂರನೇ ಒಂದು, ಆರನೇ ಒಂದು ಕೂಡಿದರೇ ಪೂರ್ತಿ ಆಗಿಬಿಡುತ್ತದೆ. ಮೇಲೆ 1 ಬೇರೆ ಇರುತ್ತದೆ. ಆದರೂ ಎಷ್ಟು ಮೀರಿತು ಅಂತ ತಿಳಿಯುವುದರಲ್ಲಿ ಒಂದು ಖುಷಿ ಇದೆ.

ಗಣಿತಜ್ಞ ಆಯ್ಲರನ ಹೆಸರಿನ ಒಂದು ಎಣಿಕೆಯನ್ನು ಬೇಗ ಮುಗಿಸೋಣ. 1ರಿಂದ ನಮ್ಮ ಸಂಖ್ಯೆಯವರೆಗೆ, ಅದರ ಜೊತೆ 1 ಬಿಟ್ಟು ಬೇರೆ ಯಾವ ಸಾಮಾನ್ಯ ಅಪವರ್ತನವೂ ಇಲ್ಲದ ಸಂಖ್ಯೆಗಳು ಎಷ್ಟು? ಕುಂಡಲಿಯ ಪ್ರತಿ ತುಂಡಿಗೂ ಬೇರೆ ಬೇರೆಯಾಗಿ ಎಣಿಸಿ: 4ಕ್ಕೆ 2, 3ಕ್ಕೆ 2, 625ಕ್ಕೆ 500, 61ಕ್ಕೆ 60, 3449ಕ್ಕೆ 3448. ಗುಣಿಸಿದರೆ 41,37,60,000. ಸುಮಾರು ಕಾಲು ಭಾಗ.

ವರ್ಗಗಳ ಮೊತ್ತ: ಇಲ್ಲಿ ಈ ಸಂಖ್ಯೆ ಹಟ ಮಾಡುತ್ತದೆ

ನನಗೆ ಇಡೀ ಜಾತಕದಲ್ಲಿ ಇಷ್ಟವಾದ ಮನೆ ಇದು. ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?

ನಿಯಮ ಹೀಗಿದೆ. ಅವಿಭಾಜ್ಯಗಳಲ್ಲಿ 4ರಿಂದ ಭಾಗಿಸಿದಾಗ ಶೇಷ 3 ಬರುವವನ್ನು ಹುಡುಕಿ. ಅಂಥದ್ದರ ಘಾತ ಬೆಸ ಇದ್ದರೆ ಆಗುವುದಿಲ್ಲ. 61ಕ್ಕೆ ಶೇಷ 1, ಅದು 5² + 6² ಆಗುತ್ತದೆ. 3449ಕ್ಕೂ ಶೇಷ 1, ಅದು 40² + 43². (1600 + 1849, ಕೂಡಿ ನೋಡಿ.) 5 ಅಂದರೆ 1² + 2². ಎಲ್ಲ ಚೆನ್ನಾಗಿದೆ. ಆದರೆ ಒಂಟಿ 3 ಒಂದು ಕೂತಿದೆ ನೋಡಿ. ಅದೊಂದೇ ಎಲ್ಲ ಕೆಡಿಸಿತು. ಎರಡು ವರ್ಗ ಸಾಲದು.

ಮೂರು ವರ್ಗ? ಇಲ್ಲಿ 8ರ ಶೇಷ ನೋಡಬೇಕು. ಯಾವ ವರ್ಗವನ್ನು 8ರಿಂದ ಭಾಗಿಸಿದರೂ ಶೇಷ 0, 1, 4 ಇಷ್ಟೇ ಬರಲು ಸಾಧ್ಯ. ಇವುಗಳಲ್ಲಿ ಮೂರನ್ನು ಹೇಗೆ ಕೂಡಿದರೂ ಶೇಷ 7 ಬರುವುದಿಲ್ಲ. ಬೇಕಾದರೆ ಎಲ್ಲ ಜೋಡಣೆ ಮಾಡಿ ನೋಡಿ, ಹತ್ತೇ ಇವೆ. ಆದ್ದರಿಂದ 8ರ ಶೇಷ 7 ಇರುವ ಸಂಖ್ಯೆ ಮೂರು ವರ್ಗಗಳ ಮೊತ್ತ ಆಗಲಾರದು. ಇನ್ನು ಮೂರು ವರ್ಗಗಳ ಮೊತ್ತ 4ರಿಂದ ಭಾಗವಾದರೆ ಮೂರೂ ಸಮಸಂಖ್ಯೆಗಳ ವರ್ಗವೇ ಆಗಿರಬೇಕು. ಆಗ ಎಲ್ಲವನ್ನೂ ಅರ್ಧ ಮಾಡಬಹುದು. ಅಂದರೆ ಸಂಖ್ಯೆಯಿಂದ 4 ತೆಗೆದು ಮತ್ತೆ ನೋಡಬಹುದು.

ನಮ್ಮ ಸಂಖ್ಯೆಯಿಂದ 4 ತೆಗೆಯಿರಿ: 39,44,79,375. 8ರ ಶೇಷಕ್ಕೆ ಕೊನೆಯ ಮೂರು ಅಂಕಿ ಸಾಕು. 375ರಲ್ಲಿ 368 ಕಳೆದರೆ 7.

ಮೂರೂ ಸಾಲದು! ಆರು ಸಂಖ್ಯೆಗಳಿಗೆ ಸುಮಾರು ಒಂದು ಮಾತ್ರ ಹೀಗೆ ಹಟ ಮಾಡುತ್ತದೆ. ನಾಲ್ಕು ವರ್ಗ ಮಾತ್ರ ಯಾವ ಸಂಖ್ಯೆಗಾದರೂ ಸಾಕು ಅಂತ 1770ರಲ್ಲಿ ಗಣಿತಜ್ಞ ಲಗ್ರಾಂಜ್ ಸಾಧಿಸಿ ತೋರಿಸಿದ. ಆದ್ದರಿಂದ ಇದಕ್ಕೆ ಸರಿಯಾಗಿ ನಾಲ್ಕು ಬೇಕು. ಆ ನಾಲ್ಕು ಯಾವುವು ಅಂತ ಹುಡುಕುವುದು ಮಳೆಗಾಲದ ಒಂದು ಮಧ್ಯಾಹ್ನಕ್ಕೆ ಒಳ್ಳೆಯ ಕೆಲಸ.

ಈಗ ಸಂಖ್ಯೆಯನ್ನು ಅದರ ಕೆಲಸಕ್ಕೆ ಹಚ್ಚಿ

ಇಲ್ಲಿಯವರೆಗೆ ಸಂಖ್ಯೆಯನ್ನು ಒಂಟಿಯಾಗಿ ನೋಡಿದೆವು. ಆದರೆ ಅದು ಹುಟ್ಟಿದ್ದು ಜೋಡಿಯಾಗಿ: 43,20,000 ವರ್ಷಕ್ಕೆ ಇಷ್ಟು ದಿನ. ಎರಡರ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.), ಅಂದರೆ ಎರಡನ್ನೂ ಶೇಷ ಇಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ, ತೆಗೆಯಿರಿ. ಒಂದು ದಾರಿ ಕುಂಡಲಿ ನೋಡುವುದು. 43,20,000 = 2⁸ × 3³ × 5⁴. ಎರಡರಲ್ಲೂ ಇರುವುದು 2² × 3 × 5⁴ = 7500.

ಇನ್ನೊಂದು ದಾರಿಗೆ ಅಪವರ್ತನವೇ ಬೇಡ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಆಮೇಲೆ ಚಿಕ್ಕದನ್ನು ಶೇಷದಿಂದ ಭಾಗಿಸಿ, ಹೀಗೇ ಹೋಗಿ. ಸಮೀಕರಣಗಳಿಗೆ ಪೂರ್ಣಾಂಕದ ಉತ್ತರ ಹುಡುಕುವ ಆರ್ಯಭಟನ ‘ಕುಟ್ಟಕ’ ವಿಧಾನದ ಶುರುವೂ ಇದೇ. ಕುಟ್ಟಕ ಅಂದರೆ ಕುಟ್ಟಿ ಪುಡಿ ಮಾಡುವುದು. ಒರಳಲ್ಲಿ ಹಾಕಿದ ಹಾಗೆ ಸಂಖ್ಯೆ ಸಣ್ಣದಾಗುತ್ತಾ ಹೋಗುತ್ತದೆ. ಮೊದಲ ಭಾಗಲಬ್ಧ 365, ಶೇಷ 11,17,500. ಆಮೇಲೆ ಶೇಷಗಳು 9,67,500, 1,50,000, 67,500, 15,000, 7,500. ಅಲ್ಲಿಗೆ ನಿಂತಿತು. ಉತ್ತರ ಅದೇ 7500.

ಮೊದಲ ಏಟಿಗೇ 365 ಬಂದದ್ದು ಗಮನಿಸಿದಿರಾ? ವರ್ಷದ ದಿನಗಳು!

ಎರಡನ್ನೂ 7500ರಿಂದ ಭಾಗಿಸಿದರೆ 576 ವರ್ಷಕ್ಕೆ 2,10,389 ದಿನ. ನಮ್ಮ ಗಟ್ಟಿ ಕಾಯಿ ಮತ್ತೆ ಬಂತು. ನಾವು ಒಡೆಯಲು ಒದ್ದಾಡಿದ ಈ ತುಂಡನ್ನೇ ಏಳನೇ ಶತಮಾನದ ಒಂದನೇ ಭಾಸ್ಕರ ಸೂರ್ಯನ ಕುಟ್ಟಕ ಲೆಕ್ಕಗಳಲ್ಲಿ 576ರ ಜೊತೆ ಬಳಸುತ್ತಾನೆ. 61ನ್ನೂ 3449ನ್ನೂ ಇನ್ನು ಯಾವುದರ ಜೊತೆಗೂ ಹೊಡೆದುಹಾಕಲು ಆಗುವುದಿಲ್ಲ, ಹಾಗಾಗಿ ಅದು ಹಾಗೇ ಉಳಿಯಿತು.

ಒಂದು ವರ್ಷಕ್ಕೆ ಎಷ್ಟಾಯಿತು? 365 ದಿನ, ಮೇಲೆ 149/576 ದಿನ. 24ರಿಂದ ಗುಣಿಸಿದರೆ 149/24 ಗಂಟೆ, ಅಂದರೆ ಸರಿಯಾಗಿ 6 ಗಂಟೆ 12 ನಿಮಿಷ 30 ಸೆಕೆಂಡ್. ಇವತ್ತಿನ ಅಳತೆಯಲ್ಲಿ ನಾಕ್ಷತ್ರಿಕ ವರ್ಷ (ನಕ್ಷತ್ರಗಳನ್ನು ಗುರುತಾಗಿಟ್ಟು ಅಳೆದ ವರ್ಷ) 365 ದಿನ 6 ಗಂಟೆ 9 ನಿಮಿಷ 10 ಸೆಕೆಂಡ್. ಮೂರು ನಿಮಿಷ ಇಪ್ಪತ್ತು ಸೆಕೆಂಡ್ ವ್ಯತ್ಯಾಸ, ಅಷ್ಟೇ.

ವಾರ ಹೊಂದುತ್ತದಾ?

ಏಳನ್ನು ಮರೆಯಬೇಡಿ ಅಂದಿದ್ದೆ. ಸಂಖ್ಯೆಯಲ್ಲಿ 7 ಇಲ್ಲದಿರುವುದರಿಂದ ಮಹಾಯುಗ ಪೂರ್ಣ ವಾರಗಳಲ್ಲಿ ಮುಗಿಯುವುದಿಲ್ಲ. 1577917500 ಅನ್ನು 7ರಿಂದ ಭಾಗಿಸಿದರೆ ಶೇಷ 5. ಪ್ರತಿ ಮಹಾಯುಗಕ್ಕೆ ವಾರದಲ್ಲಿ ಐದು ದಿನ ಮುಂದೆ ಹೋಗುತ್ತದೆ.

ಈಗ ಒಂದು ಸೊಗಸಾದ ಪರೀಕ್ಷೆ. ಪುರಾಣಗಳಲ್ಲಿ ನಾಲ್ಕು ಯುಗಗಳು 4:3:2:1ರ ಪಾಲಿನಲ್ಲಿವೆ. ಆರ್ಯಭಟ ಅದನ್ನು ಒಪ್ಪದೆ ನಾಲ್ಕು ಸಮಪಾಲು ಮಾಡಿದ. ಇದಕ್ಕಾಗಿ ಬ್ರಹ್ಮಗುಪ್ತ ಅವನನ್ನು ಬೈದಿದ್ದಾನೆ. ಒಂದೊಂದು ಪಾಲು 10,80,000 ವರ್ಷ. ದಿನಗಳಲ್ಲಿ 39,44,79,375. ವರ್ಗಗಳ ವಿಷಯದಲ್ಲಿ ಹಟ ಮಾಡಿದ ಅದೇ ಸಂಖ್ಯೆ. 4 ಅಪವರ್ತನ ಆಗಿರುವುದರಿಂದ ಪಾಲು ಮಾಡಿದಾಗ ಅರ್ಧ ದಿನ, ಕಾಲು ದಿನ ಅಂತ ಉಳಿಯಲಿಲ್ಲ. ಪ್ರತಿ ಪಾಲೂ ಸೂರ್ಯೋದಯಕ್ಕೇ ಶುರುವಾಗುತ್ತದೆ.

ಆರ್ಯಭಟನ ಪ್ರಕಾರ ಮಹಾಯುಗ ಶುರುವಾದದ್ದು ಬುಧವಾರ ಸೂರ್ಯೋದಯಕ್ಕೆ. ಮೂರು ಪಾಲು ಕಳೆದ ಮೇಲೆ ಕಲಿ ಬರಬೇಕು. ಅದು ಯಾವ ವಾರ?

39,44,79,375 ಅನ್ನು 7ರಿಂದ ಭಾಗಿಸಿ. ಶೇಷ 3. ಮೂರು ಪಾಲಿಗೆ 9, ಅಂದರೆ 7 ತೆಗೆದರೆ 2. ಬುಧವಾರದಿಂದ ಎರಡು ದಿನ ಮುಂದೆ ಎಣಿಸಿ: ಗುರು, ಶುಕ್ರ. ಕಲಿಯುಗದ ಆರಂಭ ಅಂತ ಪಂಚಾಂಗದ ಲೆಕ್ಕದಲ್ಲಿ ಹಿಡಿಯುವ ಕ್ರಿ.ಪೂ. 3102ರ ಫೆಬ್ರವರಿ 18 ಶುಕ್ರವಾರವೇ. ಇದೇ ದಿನಸಂಖ್ಯೆಯನ್ನು, ಅದೇ ಬುಧವಾರದಿಂದ, 4:3:2:1ರ ಪಾಲಿನಲ್ಲಿ ಹಂಚಿದರೆ ಹತ್ತರಲ್ಲಿ ಒಂಬತ್ತು ಪಾಲು ಕಳೆದ ಮೇಲೆ ಕಲಿ ಬರಬೇಕು. ಹತ್ತನೇ ಒಂದು ಪಾಲು 15,77,91,750 ದಿನ, 7ಕ್ಕೆ ಶೇಷ 4. ಒಂಬತ್ತು ನಾಲ್ಕಲಿ 36, ಶೇಷ 1. ಗುರುವಾರ ಬಂದುಬಿಡುತ್ತದೆ. ಒಂದು ದಿನ ತಪ್ಪು.

ಇಷ್ಟು ಮಾಡಿದವರಿಗೆ ಮನೆಗೆಲಸ ಒಂದಿದೆ. ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥದಲ್ಲಿ ಮಹಾಯುಗದ ದಿನಗಳು 1,57,79,17,828. ಆರ್ಯಭಟನಿಗಿಂತ 328 ದಿನ ಜಾಸ್ತಿ, ಅಷ್ಟೇ. ಆದರೆ ಕುಂಡಲಿ ಪೂರ್ತಿ ಬೇರೆ. 4 ಹೋಗುತ್ತದೆ, 8 ಹೋಗುವುದಿಲ್ಲ. ಅಂಕಿಗಳ ಮೊತ್ತ 55, ಆದ್ದರಿಂದ 3 ಇಲ್ಲ. 5 ಅಂತೂ ಇಲ್ಲ. 43,20,000ದ ಜೊತೆ ಮ.ಸಾ.ಅ. ಬರೀ 4. ಹಾಗಾಗಿ 10,80,000 ವರ್ಷಕ್ಕೆ 39,44,79,457 ದಿನ, ಇನ್ನೂ ಸಣ್ಣ ಮಾಡಲು ಆಗುವುದಿಲ್ಲ. ಮೂರು ಮೂರು ಅಂಕಿಯ ತುಂಡು ಮಾಡಿದರೆ 457 − 479 + 394 = 372, ಅದಕ್ಕೆ 7, 11, 13 ಮೂರೂ ಹೋಗುವುದಿಲ್ಲ. ನೀವು 17ರಿಂದ ಶುರು ಮಾಡಿ. ವರ್ಗಮೂಲ 19,861ರ ಹತ್ತಿರ ಇದೆ, ಕಾಫಿ ಫ್ಲಾಸ್ಕಿನಲ್ಲೇ ತುಂಬಿಟ್ಟುಕೊಳ್ಳಿ.